ಮಗಳಿಗೊಂದು ಪತ್ರ: ವಿಜ್ಞಾನದ 'ಬಿ'ಯಲ್ಲಿ ಬಂದ 3

ಅವ್ವಿ,

ನಿನ್ನ ರಿಪೋರ್ಟ್ ಕಾರ್ಡನ್ನು ಅತ್ತೆ ವಾಟ್ಸಾಪಿನಲ್ಲಿ ಕಳಿಸಿದಳು. ವಿಜ್ಞಾನದಲ್ಲಿ 5 ಅಂತ ಇದೆ. ಅಜ್ಜನಿಗೆ ಹೇಳಿದೆ, ಅವರು "ಪರ್ಸೆಂಟ್ ಎಷ್ಟಾಯ್ತು?" ಅಂದರು. ಪರ್ಸೆಂಟ್ ಇಲ್ಲಪ್ಪಾ, 7ಕ್ಕೆ 5 ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಿನಗೂ ಆಗಿಲ್ಲ. ಧಾರವಾಡದ ಶಾಲೆಯಲ್ಲಿ ಯಾವಾಗಲೂ ಮೊದಲ ಮೂವರಲ್ಲಿ ಇದ್ದವಳು ನೀನು, ಬೆಂಗಳೂರಿಗೆ ಹೋಗಿ ಹೀಗಾಯ್ತಲ್ಲ ಅಂತ ಅನಿಸೋದು ಸಹಜ.

ಆದರೆ ಆ 5 ಬಿಡು. ಅದರ ಮೇಲಿನ ನಾಲ್ಕು ಸಂಖ್ಯೆ ನೋಡು, ಅವು ವಿಜ್ಞಾನದಲ್ಲಿ ನಿನ್ನನ್ನು ಅಳೆಯುವ ನಾಲ್ಕು ಮಾನದಂಡಗಳ ಅಂಕ. ಎ 7, ಬಿ 3, ಸಿ 5, ಡಿ 6. ಒಂದೊಂದಕ್ಕೂ ಹೆಚ್ಚೆಂದರೆ 8, ಒಟ್ಟು 32. ನಿನಗೆ ಬಂದದ್ದು 21. ನಿಮ್ಮ ಪದ್ಧತಿಯಲ್ಲಿ 19ರಿಂದ 23ರ ತನಕ ಬಂದರೆ ಗ್ರೇಡ್ 5. ಎ ಅಂದರೆ ವಿಷಯ ಗೊತ್ತಿದೆಯಾ, ಅರ್ಥ ಆಗಿದೆಯಾ ಅಂತ. ಅದರಲ್ಲಿ ನೀನು ಗಟ್ಟಿ ಇದ್ದೀಯ. ಬಿ ಅಂದರೆ ನೀನೇ ಪ್ರಶ್ನೆ ಹಾಕಿಕೊಂಡು, ಉತ್ತರ ಹೀಗಿರಬಹುದು ಅಂತ ಕಾರಣ ಕೊಟ್ಟು ಊಹಿಸಿ, ಪ್ರಯೋಗವನ್ನು ನೀನೇ ಯೋಚಿಸಿ ಕಟ್ಟೋದು. ಅಲ್ಲಿ 3. ಇಲ್ಲಿಯ ತನಕ ಪ್ರಯೋಗ ಅಂದರೆ ಪುಸ್ತಕದಲ್ಲಿ ಬರೆದದ್ದನ್ನು ಮಾಡಿ ಅದೇ ಉತ್ತರ ಬರೆಯೋದು ಅಂತ ನಿನಗೆ ರೂಢಿ. ನೀನು ಹಿಂದೆ ಬಿದ್ದಿಲ್ಲ ಅವ್ವಿ, ಈ ಕೆಲಸವನ್ನು ಯಾರೂ ನಿನ್ನ ಕೈಲಿ ಮಾಡಿಸಿರಲಿಲ್ಲ, ಅಷ್ಟೇ.

ನಿಮ್ಮ ಶಾಲೆಯ ಈ ಎಂವೈಪಿ, ಅಂದರೆ ಮಿಡಲ್ ಇಯರ್ಸ್ ಪ್ರೋಗ್ರಾಂ, ಅದರ ಬಗ್ಗೆ ನಾನೂ ಕೂತು ಓದಿದೆ. ಅದನ್ನು ನಡೆಸುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಶುರುವಾಯಿತು, 11ರಿಂದ 16 ವಯಸ್ಸಿನ ಮಕ್ಕಳಿಗಾಗಿ ಈ ಕೋರ್ಸು 1994ರಲ್ಲಿ ಬಂತು. ಎಂಟು ವಿಷಯ ಗುಂಪುಗಳು, ಅದರಲ್ಲಿ ಡಿಸೈನ್, ಕಲೆ, ಆಟೋಟ ಎಲ್ಲವೂ ಗಣಿತದಷ್ಟೇ ಲೆಕ್ಕಕ್ಕೆ. ನನಗೆ ಜಾಸ್ತಿ ಹಿಡಿಸಿದ್ದು ಒಂದು ಮಾತು: ಪ್ರತಿ ಪಾಠವನ್ನೂ ಹೊರಗಿನ ಬದುಕಿನ ಯಾವುದಾದರೂ ಸಂದರ್ಭಕ್ಕೆ ಜೋಡಿಸಿಯೇ ಕಲಿಸಬೇಕು. ಗ್ಲೋಬಲ್ ಕಾಂಟೆಕ್ಸ್ಟ್ ಅಂತಾರಲ್ಲ, ಅದು. ಹಾಗಂದ ತಕ್ಷಣ ನೀನು ಅಮೆಜಾನ್ ಕಾಡು, ಧ್ರುವದ ಹಿಮ ಅಂತ ಹುಡುಕಲು ಹೋಗಿದ್ದೀಯ, ನಿನ್ನ ಪ್ರಾಜೆಕ್ಟ್ ನೋಡಿದೆ. ಅದು ತಪ್ಪಲ್ಲ. ಆದರೆ ನೀನು ನೋಡಿರದ ಜಾಗದ ಬಗ್ಗೆ ನಿನ್ನದೇ ಪ್ರಶ್ನೆ ಹುಟ್ಟೋದು ಕಷ್ಟ, ಅಲ್ವಾ? ಬಿ ನಲ್ಲಿ ನೀನು ತೊಡಕಿದ್ದು ಅಲ್ಲೇ ಅಂತ ನನಗನಿಸುತ್ತದೆ.

ನವಲಗುಂದದ ನಮ್ಮ ಹೊಲ ತಗೋ. ಅದು ಎರೆ, ಅಂದರೆ ಕಪ್ಪು ಮಣ್ಣು. ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಮಸಾರಿ. ಅಜ್ಜ ಹಿಂಗಾರಿಯಲ್ಲಿ ಕಡಲೆ ಬಿತ್ತುತ್ತಾರೆ, ಆಮೇಲೆ ಮಳೆ ಬರದಿದ್ದರೂ, ನೀರು ಹಾಯಿಸದಿದ್ದರೂ ಬೆಳೆ ಬರುತ್ತದೆ. ಮಸಾರಿಯಲ್ಲಿ ಹಾಗೆ ನಂಬಿ ಕೂರೋಕಾಗಲ್ಲ. ಯಾಕೆ? ಯಾವ ಮಣ್ಣು ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ? ಇದು ನಿನ್ನ ಪ್ರಶ್ನೆ. ಎರೆಯ ಕಣ ಬಹಳ ಸಣ್ಣದು, ನೀರು ಕುಡಿದು ಉಬ್ಬುತ್ತದೆ, ಮಸಾರಿಯಲ್ಲಿ ಮರಳು ಜಾಸ್ತಿ, ಹಾಗಾಗಿ ಎರೆಯೇ ಹೆಚ್ಚು ಹಿಡಿಯಬೇಕು. ಇದು ಊಹೆ, ಕಾರಣದ ಸಮೇತ.

ಇನ್ನು ಪ್ರಯೋಗ. ಎರಡು ಬಾಟಲಿ ಕತ್ತರಿಸಿ ಬಾಯಿಗೆ ಬಟ್ಟೆ ಕಟ್ಟಿ ಬೋರಲು ನಿಲ್ಲಿಸು. ಎರಡರಲ್ಲೂ ಒಣಗಿದ ಮಣ್ಣು ಒಂದೇ ತೂಕ, ನೀರು ಒಂದೇ ಅಳತೆ, ಕಾಯುವ ಹೊತ್ತೂ ಒಂದೇ. ಬದಲಾಗೋದು ಮಣ್ಣು ಮಾತ್ರ. ಕೆಳಗೆ ಎಷ್ಟು ನೀರು ಇಳಿಯಿತು ಅಂತ ಅಳೆ. ಹೆಂಟೆಗಳನ್ನು ಒಡೆದು ಜರಡಿ ಹಿಡಿದಿರು, ಇಲ್ಲದಿದ್ದರೆ ಸಂದಿಯಲ್ಲಿ ನೀರು ಸರ್ರನೆ ಇಳಿದು ಎರೆ ಮಣ್ಣೇ ಸೋತ ಹಾಗೆ ಕಾಣುತ್ತದೆ. ಇಂಥದ್ದನ್ನು ಮೊದಲೇ ಯೋಚಿಸಿ ಬರೆಯುವುದಕ್ಕೇ ಬಿ ನಲ್ಲಿ ಅಂಕ. ಬಂದ ಅಂಕಿಗಳನ್ನು ಕೋಷ್ಟಕ ಮಾಡಿ, ಊಹೆ ನಿಂತಿತೋ ಬಿತ್ತೋ ಅಂತ ನೋಡೋದು ಸಿ. ಊಹೆ ಬಿದ್ದರೂ ಅಂಕ ಹೋಗಲ್ಲ, ಹೆದರಬೇಡ. ನೀರಾವರಿ ಇಲ್ಲದ ರೈತನಿಗೆ ಇದರಿಂದ ಏನು ಅನ್ನೋದು ಡಿ ಗೆ ಬರುತ್ತದೆ, ಅದನ್ನು ಅಜ್ಜನ ಹತ್ತಿರ ಕೇಳು, ಅವರು ಒಂದು ಮಧ್ಯಾಹ್ನ ಪೂರ್ತಿ ಹೇಳುತ್ತಾರೆ.

ಮುಂದೆ ಎಂಟನೆಯಲ್ಲೋ ಒಂಬತ್ತರಲ್ಲೋ ಕಮ್ಯುನಿಟಿ ಪ್ರಾಜೆಕ್ಟ್, ಹತ್ತರಲ್ಲಿ ಪರ್ಸನಲ್ ಪ್ರಾಜೆಕ್ಟ್ ಬರುತ್ತದೆ. ಆಗಲೂ ನಮ್ಮ ಕಡೆ ಒಮ್ಮೆ ತಿರುಗಿ ನೋಡು. ಸಾಲದ ಶೂಲದಿಂದ ರೈತರನ್ನು ಬಿಡಿಸೋಕೆ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. 'ನ್ಯಾಯ ಮತ್ತು ಅಭಿವೃದ್ಧಿ' ಅಂತ ನಿಮ್ಮ ಪಟ್ಟಿಯಲ್ಲಿ ಒಂದು ಸಂದರ್ಭ ಇದೆಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಕಾಣಲ್ಲ. ದೂರದ ದೇಶಗಳನ್ನೂ ಓದು. ಆದರೆ ಗ್ಲೋಬಲ್ ಅನ್ನೋದರಲ್ಲಿ ನಮ್ಮ ಹೊಲವೂ ಸೇರಿದೆ, ಅದನ್ನು ಹೊರಗಿಟ್ಟು ಬರೆಯಬೇಡ.

ಎಳ್ಳ ಅಮಾವಾಸ್ಯೆಗೆ ಬರುತ್ತೀಯಲ್ಲ, ಹೊಲಕ್ಕೆ ಚರಗ ಚೆಲ್ಲೋಕೆ ಹೋದಾಗ ಎರೆ ಮಣ್ಣು ತುಂಬಿಕೊಳ್ಳೋಣ. ಮಸಾರಿಗೆ ಇನ್ನೊಂದು ದಿನ ಬೈಕಿನಲ್ಲಿ ಹೋಗೋಣ. ಬರುವ ಮೊದಲು ಮೇಡಂ ಹತ್ತಿರ ಕೂತು, ಬಿ ನಲ್ಲಿ 3 ಯಾಕೆ, 5 ಆಗೋಕೆ ಏನು ಬೇಕಿತ್ತು ಅಂತ ಕೇಳು. ಯಾವುದಕ್ಕೆ ಎಷ್ಟು ಅಂಕ ಅಂತ ಬರೆದಿರುವ ರೂಬ್ರಿಕ್ ಹಾಳೆಯ ಫೋಟೋ ತೆಗೆದು ನನಗೂ ಕಳಿಸು. ಅವ್ವ ಶೇಂಗಾ ಹೋಳಿಗೆ ಮಾಡ್ತಾಳಂತೆ, ಬ್ಯಾಗಿನಲ್ಲಿ ಜಾಗ ಬಿಟ್ಟುಕೊಂಡು ಬಾ.

ನಿನ್ನ ಪಪ್ಪಾ
ಧಾರವಾಡ