ಕೆಂಪಾದ ಬೆನ್ನಿಗೆ ಸ್ಪಿರಿಟ್ ಉಜ್ಜುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಲಕ್ವ ಹೊಡೆದ ನಮ್ಮ ಚಿಕ್ಕಮ್ಮನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಸೊಂಟದ ಹಿಂದೆ ಕೆಂಪಾಗಿತ್ತು. ನರ್ಸ್ ಬಂದು ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿ, ಪೌಡರ್ ಹಾಕಿ, ಕೆಳಗೆ ಗಾಳಿ ತುಂಬಿದ ರಬ್ಬರ್ ರಿಂಗ್ ಇಟ್ಟು ಹೋದರು. ನನ್ನ ನರ್ಸಿಂಗ್ ಟ್ರೈನಿಂಗ್ ಕಾಲದಲ್ಲಿ ಬ್ಯಾಕ್ ಕೇರ್ (ಬೆನ್ನಿನ ಆರೈಕೆ) ಅಂತ ಕಲಿಸುತ್ತಿದ್ದದ್ದು ಇದನ್ನೇ. ಇವತ್ತಿಗೂ ಅದೇ ನಡೆಯುತ್ತಿದೆ ಎಂಬುದೇ ನನ್ನ ಸಂಕಟ.

ಮಲಗಿದಲ್ಲೇ ಇರುವವರಿಗೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಓಡಾಡದಿದ್ದಾಗ ಹಾಸಿಗೆ ಹುಣ್ಣು (ಬೆಡ್ ಸೋರ್) ಆಗುತ್ತದೆ. ಬೆರಳಿನಿಂದ ಒತ್ತಿದರೂ ಕೆಂಪು ಮಾಸದಿದ್ದರೆ ಪೆಟ್ಟು ಶುರುವಾಗಿದೆ ಎಂದೇ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೂ ಕಷ್ಟ. ಅಲ್ಲಿ ಕೈಯಿಟ್ಟು ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ನೋಡಬೇಕು. ಅಂಥ ಜಾಗವನ್ನು ಉಜ್ಜಿದರೆ ಗಾಯ ಜಾಸ್ತಿಯಾಗುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ರಿಂಗಿನ ಅಂಚು ಸುತ್ತಲಿನ ರಕ್ತವನ್ನು ತಡೆಯುತ್ತದೆ. 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಜೋರಾಗಿ ಉಜ್ಜಬೇಡಿ, ರಿಂಗ್ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಬೇಕಾದದ್ದು ಮಗ್ಗುಲು ಬದಲಿಸುವುದು. ಅದೂ ಪೂರ್ತಿ ಪಕ್ಕಕ್ಕಲ್ಲ, ಸುಮಾರು 30 ಡಿಗ್ರಿ ಓರೆಯಾಗಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು. ದರದರ ಎಳೆಯದೆ ಶೀಟ್ ಹಿಡಿದು ಎತ್ತುವುದು. ಒದ್ದೆ ಬಟ್ಟೆಯನ್ನು ತಕ್ಷಣ ತೆಗೆಯುವುದು.

ಇನ್ನೊಂದು ಮಾತು. ಚಿಕ್ಕಮ್ಮನ ಬಟ್ಟೆ ಸರಿಸುವಾಗ ಸ್ಕ್ರೀನ್ ಎಳೆಯಲಿಲ್ಲ. 'ಅಮ್ಮಾ, ಸ್ವಲ್ಪ ತಿರುಗಿಸ್ತೀವಿ' ಅಂತ ಹೇಳಲೂ ಇಲ್ಲ. ಅವರಿಗೆ ಮಾತು ಹೋಗಿದೆ, ಆದರೆ ಎಲ್ಲ ಕೇಳುತ್ತದೆ, ಅರ್ಥವಾಗುತ್ತದೆ. ನೋಯುತ್ತಿದೆ ಎಂದು ಹೇಳಲಾಗದವರ ಮೈ ಮುಟ್ಟುವಾಗ 'ಮೊದಲಿಂದಲೂ ಹೀಗೇ ಮಾಡೋದು' ಎಂಬ ಉತ್ತರ ಸಾಕಾಗುವುದಿಲ್ಲ, ಅಲ್ವಾ?

ಆ ಹುಡುಗಿಯರನ್ನು ನಾನು ದೂರುತ್ತಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗಳಿಗೆ, ಬೇರೆಡೆ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಅಲ್ಲಿ ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಇಬ್ಬರೇ. ಒಬ್ಬ ರೋಗಿಯನ್ನು ಸರಿಯಾಗಿ ತಿರುಗಿಸಲು ಇಬ್ಬರು ಬೇಕು! ಹಾಗಾಗಿ ಆ ಕೆಲಸ ಜೊತೆಗಿರುವ ಮನೆಯವರ ಪಾಲಾಗುತ್ತದೆ. ಹೇಗೆ ಮಾಡಬೇಕೆಂದು ಅವರಿಗೆ ಯಾರೂ ತೋರಿಸುವುದಿಲ್ಲ.

ಆರೋಗ್ಯ ಇಲಾಖೆ ಖಾಲಿ ಹುದ್ದೆಗಳನ್ನು ತುಂಬಲಿ. ಅದಕ್ಕೆ ಸಮಯ ಹಿಡಿಯುತ್ತದೆ, ನನಗೂ ಗೊತ್ತು. ಆದರೆ ಬ್ಯಾಕ್ ಕೇರ್ ಟ್ರೇನಿಂದ ಸ್ಪಿರಿಟ್ ಬಾಟಲಿ ತೆಗೆಯಲು, ಮನೆಯವರಿಗೆ ಹತ್ತು ನಿಮಿಷ ತೋರಿಸಿಕೊಡಲು ಯಾವ ಆದೇಶವೂ ಬೇಕಿಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟರು ದಯವಿಟ್ಟು ಈ ವಾರವೇ ಶುರು ಮಾಡಲಿ.

– ನಿವೃತ್ತ ಶುಶ್ರೂಷಾಧಿಕಾರಿ, ಹಾಸನ