ಮಗಳಿಗೊಂದು ಪತ್ರ: ಅಂಚು ನೋಡದೆ ಕಾಬ್ ಕಾರ್ಡು ಕೊಳ್ಳಬೇಡ

ಪ್ರೀತಿಯ ಅನುಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನನ್ನ ದನಿ ಏರಿತು, ನೀನು ಕಟ್ ಮಾಡಿದೆ. ಏರುದನಿಗೆ ಕ್ಷಮೆ ಇರಲಿ, ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾರೆ. ಶನಿವಾರದೊಳಗೆ ದುಡ್ಡು ಕಟ್ಟಿದರೆ ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರ ಟೈ ಕಾಬ್‌ನ ಕೆಂಪು ಹಿನ್ನೆಲೆಯ ಕಾರ್ಡು, ಟಿ206 ಎಂಬ ಸರಣಿಯದು, ಮಾರುಕಟ್ಟೆ ಬೆಲೆಗಿಂತ ಅಗ್ಗಕ್ಕೆ ಸಿಗುತ್ತದೆ ಎಂದು ನೀನು ಹೇಳಿದೆ. ಗ್ರೇಡಿಂಗ್, ಅಂದರೆ ಪರಿಣತರ ಕಂಪನಿ ಪರೀಕ್ಷಿಸಿ, ಅಂಕ ಕೊಟ್ಟು, ಡಬ್ಬಿಯಲ್ಲಿ ಮುಚ್ಚಿಕೊಡುವುದು, ಆಗಿಲ್ಲ ಎಂದೂ ಹೇಳಿದೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದ ಕೂಡಲೇ ಸಂಬಳವನ್ನೆಲ್ಲ ಇದಕ್ಕೆ ಸುರಿಯುತ್ತೀಯಲ್ಲ ಎಂಬ ತಕರಾರು ನನ್ನದಲ್ಲ. ಅದು ನಿನ್ನ ದುಡಿಮೆ. ಕಾರ್ಡಿನ ಬೆನ್ನಿನ ಸಿಗರೇಟು ಜಾಹೀರಾತು ನೋಡಿ, 'ಪೀಡ್‌ಮಾಂಟ್, 350ರ ಸರಣಿ, ವರ್ಜೀನಿಯಾದ 25ನೇ ಫ್ಯಾಕ್ಟರಿ' ಎಂದು ನೀನೇ ಗುರುತು ಹಿಡಿದೆಯಲ್ಲ, ಎಷ್ಟು ಹೆಮ್ಮೆಯಾಯಿತು ಗೊತ್ತಾ? ಜಗಳದ ನಡುವೆ ಅದನ್ನು ಹೇಳುವುದೇ ಆಗಲಿಲ್ಲ.

ನನಗಿರುವುದು ಒಂದೇ ಭಯ, ಅಂಚು ಕತ್ತರಿಸಿದ್ದಾರೆಯೇ ಎಂದು.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನೊಳಗೆ ಇಟ್ಟು ಹಂಚಿದ ಕಾರ್ಡುಗಳಿವು. ಸುಮಾರು 36.5 ಮಿಲಿಮೀಟರು ಅಗಲ, 66.7 ಮಿಲಿಮೀಟರು ಉದ್ದ. ನೂರು ವರ್ಷದಲ್ಲಿ ಉರುಟಾದ ಮೂಲೆಯನ್ನು ಚೂಪು ಮಾಡಲು ಅರ್ಧ ಮಿಲಿಮೀಟರು ಕೊಯ್ದರೆ ಸಾಕು. ನೋಡುವವರಿಗೆ ಹೊಸದರ ಹಾಗೆ ಕಾಣುತ್ತದೆ, ಬೆಲೆ ಹಲವು ಪಟ್ಟು ಏರುತ್ತದೆ. ಗ್ರೇಡಿಂಗ್‌ನಲ್ಲಿ ಸಿಕ್ಕಿಬಿದ್ದರೆ ಅಂಕವೇ ಇಲ್ಲ, ಕೊಟ್ಟ ದುಡ್ಡಿನಲ್ಲಿ ಬಹುಪಾಲು ನೀರಿಗೆ ಹಾಕಿದಂತೆ.

ಸ್ಕೇಲಿಟ್ಟು ಅಳೆದೆ, ಸರಿಯಾಗಿದೆ ಎಂದು ನೀನು ಹೇಳಿದೆ. ಸ್ಕೇಲು ಸಾಲದು ಮಗಳೇ. ಅಂದಿನ ಕಟಿಂಗ್ ಯಂತ್ರಗಳು ಎಲ್ಲವನ್ನೂ ಒಂದೇ ಅಳತೆಗೆ ಕೊಯ್ಯಲಿಲ್ಲ. ಕೆಲವು ಸ್ವಲ್ಪ ದೊಡ್ಡವು, ಕೆಲವು ಸ್ವಲ್ಪ ಚಿಕ್ಕವು, ಬೆನ್ನಿಗೆ ಅಮೆರಿಕನ್ ಬ್ಯೂಟಿ ಸಿಗರೇಟಿನ ಜಾಹೀರಾತು ಇರುವವಂತೂ ಅಗಲದಲ್ಲೇ ಕಿರಿದು. ಮೋಸಗಾರ ಹುಡುಕುವುದೇ ದೊಡ್ಡದಾಗಿ ಉಳಿದ ಕಾರ್ಡನ್ನು, ಕೊಯ್ದ ಮೇಲೆ ಅಳತೆ ಸರಿಯಾಗಿ ಬರಲಿ ಎಂದು. ಹಾಗಾಗಿ ಅಳತೆ ಕಡಿಮೆ ಬಂದರೆ ಅನುಮಾನ ಪಡಬೇಕು, ಸರಿ ಬಂದರೆ ನಿಶ್ಚಿಂತೆ ಎಂದುಕೊಳ್ಳಬಾರದು.

ಮಾಡಬೇಕಾದ್ದು ಹೀಗೆ. ನಿನ್ನ ಹತ್ತಿರವಿರುವ ಅದೇ ಸರಣಿಯ ಸಾಮಾನ್ಯ ಆಟಗಾರರ ಎರಡು ಮೂರು ಕಾರ್ಡು ಜೊತೆಗೆ ಒಯ್ಯಿ. ಮೂಲೆ ಸವೆದಿದ್ದರೂ ಪರವಾಗಿಲ್ಲ, ಅವು ಕೊಯ್ಯದವು ಎಂದು ನಿನಗೆ ಖಾತ್ರಿಯಿರಬೇಕು. ಕಾಬ್‌ನ ಕಾರ್ಡನ್ನು ಅವುಗಳ ನಡುವೆ ಜೋಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪಿನಲ್ಲಿ (ಪುಟ್ಟ ಭೂತಗನ್ನಡಿಯಲ್ಲಿ) ಅಂಚನ್ನೇ ನೋಡು. ಹಳೆಯ ಪಂಚಾಂಗದ ಹಾಳೆಯಂತೆ ಕಾರ್ಡಿನ ಅಂಚೂ ಗಾಳಿಗೆ ಕಂದಿರುತ್ತದೆ. ನಾಲ್ಕರಲ್ಲಿ ಒಂದು ಅಂಚು ಮಾತ್ರ ಬೆಳ್ಳಗಿದ್ದರೆ ಅಲ್ಲಿ ಬ್ಲೇಡು ಓಡಿದೆ. ಕೈಯಲ್ಲಿ ಕೊಯ್ದ ಗೆರೆ ಎಲ್ಲೋ ಒಂದು ಕಡೆ ಸಣ್ಣಗೆ ಅಲೆಯುತ್ತದೆ, ಮೂಲೆಯ ತುದಿ ಕೊಕ್ಕೆಯಂತೆ ಹೊರಚಾಚುತ್ತದೆ. ಮುಖದ ಮೇಲೆ ಗೀರು, ಮಡಿಕೆ, ಮಾಸಿದ ಬಣ್ಣ, ಮೂಲೆಗಳು ಮಾತ್ರ ಸೂಜಿಮೊನೆ ಎಂದಾದರೆ ನಂಬಬೇಡ. ಸವೆತ ಮೊದಲು ತಟ್ಟುವುದೇ ಮೂಲೆಗೆ.

ನಕಲಿಯ ಪರೀಕ್ಷೆ ಇದಕ್ಕಿಂತ ಸುಲಭ. ಚಿತ್ರದ ಕೆಳಗಿನ ಕಂದು ಅಕ್ಷರಗಳನ್ನು ಲೂಪಿನಲ್ಲಿ ನೋಡು. ಅಸಲಿಯಲ್ಲಿ ಅವು ತುಂಬು ಶಾಯಿಯಲ್ಲಿರುತ್ತವೆ, ಅಕ್ಷರವೇ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದರೆ ಅದು ಮರುಮುದ್ರಣ. ಕತ್ತಲೆಯಲ್ಲಿ ಯುವಿ ಟಾರ್ಚು ಹಿಡಿ. ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವ ಪದ್ಧತಿ ಬಂದದ್ದು ಎಷ್ಟೋ ವರ್ಷಗಳ ನಂತರ. ನೀಲಿಬಿಳುಪಾಗಿ ಹೊಳೆದರೆ ಅದು 1910ರ ಕಾಗದವಲ್ಲ.

ಮತ್ತೆ ಅಂಚಿಗೇ ಬರುತ್ತೇನೆ, ಬೇಸರಿಸಬೇಡ. ನಿನ್ನ ಊರಿನ ಪೈರೇಟ್ಸ್ ತಂಡಕ್ಕೆ ಆಡಿದ ಹೋನಸ್ ವ್ಯಾಗ್ನರ್‌ನ ಟಿ206 ಕಾರ್ಡುಗಳಲ್ಲೇ ಅತ್ಯಂತ ಹೆಸರಾದದ್ದು ಒಂದಿದೆ. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿ 1991ರಲ್ಲಿ ಪಾಲುದಾರನೊಬ್ಬನ ಜೊತೆ ಸೇರಿ ಅದನ್ನು 4,51,000 ಡಾಲರಿಗೆ ಕೊಂಡ. ಗ್ರೇಡಿಂಗ್ ಮಾಡುವ ಪಿಎಸ್‌ಎ ಕಂಪನಿ ಅದಕ್ಕೆ ಹತ್ತಕ್ಕೆ ಎಂಟು ಅಂಕ ಕೊಟ್ಟಿತ್ತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. ಹಿಂದೆ ಅದನ್ನು ಮಾರಿದ್ದ ಬಿಲ್ ಮಾಸ್ಟ್ರೊ ತಾನೇ ಅದರ ಅಂಚು ಕೊಯ್ದಿದ್ದಾಗಿ 2013ರಲ್ಲಿ ಫೆಡರಲ್ ಕೋರ್ಟಿನಲ್ಲಿ ಒಪ್ಪಿಕೊಂಡ. ಪರಿಣತರ ಕಣ್ಣಿಗೇ ಮಣ್ಣೆರಚಿದ ಕೆಲಸ ಅದು. ಡಬ್ಬಿಯಲ್ಲಿ ಮುಚ್ಚಿ ಅಂಕ ಕೊಟ್ಟ ಕಾರ್ಡಿನ ಗತಿಯೇ ಹೀಗಾದರೆ, ಅವಸರದಲ್ಲಿ ಮಾರುವವನ ಕೈಲಿರುವ ಬಿಡಿ ಕಾರ್ಡನ್ನು ನಾನು ಹೇಗೆ ನಂಬಲಿ? ಶನಿವಾರವೇ ಆಗಬೇಕು ಎನ್ನುವುದು ಯಾಕೆ, ಅವನನ್ನು ಕೇಳಿದೆಯಾ?

ಜಗಳದ ಇನ್ನೊಂದು ಭಾಗ ಉಳಿಯಿತು. ಕಾಬ್‌ನ ಬ್ಯಾಟಿಂಗ್ ಸರಾಸರಿ .367 (ಸಾವಿರ ಸರದಿಗೆ 367 ಹಿಟ್ ಎಂಬ ಲೆಕ್ಕ), ಇವತ್ತಿನವರು ಯಾರೂ ಹತ್ತಿರವಿಲ್ಲ, ಅದಕ್ಕೇ ಅವನೇ ಎಲ್ಲರಿಗಿಂತ ದೊಡ್ಡವನು ಎಂದು ನೀನು ಹೇಳಿದೆ. ಕಾರ್ಡಿನ ಹಾಗೆ ಅಂಕಿಯನ್ನೂ ಅದರ ಓರಗೆಯವುಗಳ ಪಕ್ಕದಲ್ಲಿಟ್ಟು ನೋಡಬೇಕು. 1930ರಲ್ಲಿ ಬಿಲ್ ಟೆರಿ .401 ಹೊಡೆದ. 1968ರಲ್ಲಿ ಕಾರ್ಲ್ ಯಾಸ್ಟ್ರೆಮ್ಸ್ಕಿ .301 ಹೊಡೆದು ಅಮೆರಿಕನ್ ಲೀಗಿನಲ್ಲಿ ಮೊದಲಿಗನಾದ. ಮೇಜರ್ ಲೀಗ್ ಎಂಬ ದೊಡ್ಡ ಬೇಸ್‌ಬಾಲಿನ ಎರಡು ಭಾಗಗಳೇ ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳು. ನೂರು ಅಂಕದ ಅಂತರ ಕಾಣುತ್ತದಲ್ಲ? ಆದರೆ 1930ರ ನ್ಯಾಷನಲ್ ಲೀಗಿನ ಒಟ್ಟು ಸರಾಸರಿಯೇ .303, 1968ರ ಅಮೆರಿಕನ್ ಲೀಗಿನದು .230. ಭಾಗಿಸಿ ನೋಡು: ಟೆರಿ ತನ್ನ ಲೀಗಿಗಿಂತ 32 ಪ್ರತಿಶತ ಮೇಲೆ, ಯಾಸ್ಟ್ರೆಮ್ಸ್ಕಿ 31 ಪ್ರತಿಶತ ಮೇಲೆ. ಯಾಸ್ಟ್ರೆಮ್ಸ್ಕಿಯ ಆ ವರ್ಷ ಪಿಚರ್ (ಚೆಂಡು ಎಸೆಯುವವನು) ನಿಲ್ಲುವ ದಿಬ್ಬ 15 ಇಂಚು ಎತ್ತರವಿತ್ತು, ಎತ್ತರ ಹೆಚ್ಚಿದ್ದರೆ ಎಸೆಯುವವನಿಗೆ ಅನುಕೂಲ. 1968ರಲ್ಲಿ ಬ್ಯಾಟರುಗಳು ಹೈರಾಣಾದ ಮೇಲೆ ಅದನ್ನು 10 ಇಂಚಿಗೆ ಇಳಿಸಿದರು.

ಈ ಭಾಗಾಕಾರವೂ ಎಲ್ಲವನ್ನೂ ಹೇಳುವುದಿಲ್ಲ. ಕಾಬ್ ಆಡಿದ ಲೀಗಿಗೆ ಕಪ್ಪು ಆಟಗಾರರಿಗೆ ಪ್ರವೇಶವೇ ಇರಲಿಲ್ಲ, ಅವನ ಹೋಲಿಕೆಯ ಸರಾಸರಿ ಒಂದಿಡೀ ಸಮುದಾಯವನ್ನು ಹೊರಗಿಟ್ಟು ಕಟ್ಟಿದ್ದು ಎಂದೇ ನನ್ನ ಅಭಿಪ್ರಾಯ. ನಿನ್ನ ಊರಿನಲ್ಲೇ ಕಪ್ಪು ಆಟಗಾರರ ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೆ ಆಡಿದ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ ತೀರಿಕೊಂಡ. ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಮೇಜರ್ ಲೀಗಿನ ಬಾಗಿಲು ತೆರೆದದ್ದು ಅದೇ ವರ್ಷದ ಏಪ್ರಿಲ್ 15ಕ್ಕೆ. 2024ರಲ್ಲಿ ಕಪ್ಪು ಆಟಗಾರರ ಪ್ರತ್ಯೇಕ ಲೀಗುಗಳಾಗಿದ್ದ ನೀಗ್ರೊ ಲೀಗುಗಳ ಅಂಕಿಗಳನ್ನು ಮೇಜರ್ ಲೀಗಿನ ದಾಖಲೆಗೆ ಸೇರಿಸಿದಾಗ ಗಿಬ್ಸನ್ .372ರೊಂದಿಗೆ ಕಾಬ್‌ನನ್ನು ದಾಟಿದ. ಆ ಲೀಗುಗಳ ಸೀಸನ್ನುಗಳು ಚಿಕ್ಕವು ಎಂಬ ನಿನ್ನ ವಾದ ಸರಿಯೇ. ಅವನ್ನು ಚಿಕ್ಕದಾಗಿಸಿದವರು ಯಾರು ಎಂದೂ ಕೇಳಿಕೋ. ಗಿಬ್ಸನ್ ಆಡುತ್ತಿದ್ದಾಗ ಅವನಿಗೆ ಅಮೆರಿಕದ ಯಾವ ದೊಡ್ಡ ಕಂಪನಿಯೂ ಕಾರ್ಡು ಅಚ್ಚು ಹಾಕಲಿಲ್ಲ. ಹೆಸರಾದ ಕಾರ್ಡು ಬಂದದ್ದು ಪೋರ್ಟೊ ರಿಕೊದಿಂದ, ಅವನು ಸತ್ತ ಮೇಲೆ. ಕಾಬ್‌ನ ಕಾರ್ಡು ಬೇಡ ಎನ್ನುತ್ತಿಲ್ಲ, ಕಾಬ್ ದೊಡ್ಡ ಆಟಗಾರನೇ. 'ಎಲ್ಲರಿಗಿಂತ' ಎಂಬುದನ್ನು ಮಾತ್ರ ಬಿಡು.

ಉಪದೇಶ ಉದ್ದವಾಯಿತು. ಕೊಂಡರೆ ಇಡುವ ಕ್ರಮ ಗೊತ್ತಿರಲಿ. ಈಗಿನ ಅಳತೆಯ ಗಟ್ಟಿ ಕವರಿನಲ್ಲಿ ಟಿ206 ಜಾರಾಡಿ ಮೂಲೆ ಸವೆಯುತ್ತದೆ, ಟೊಬ್ಯಾಕೊ ಅಳತೆಯದನ್ನೇ ಕೇಳಿ ತಗೋ. ಮೊದಲು ಮೆತ್ತನೆಯ ಸ್ಲೀವು, ಆಮೇಲೆ ಗಟ್ಟಿಯದು. ಹಳೆಯ ಪಿವಿಸಿ ಆಲ್ಬಮ್ ಬೇಡ, ಅದರ ಎಣ್ಣೆಯಂಥ ಪಸೆ ಕಾರ್ಡಿಗೆ ಇಳಿಯುತ್ತದೆ. ಬೇಸ್‌ಮೆಂಟಿನಲ್ಲಿ ಇಡಬೇಡ. ಬೆನ್ನಿಗೆ ಹಳೆಯ ಆಲ್ಬಮ್ಮಿನ ಗೋಂದು ಕಂಡರೆ ಕೆರೆಯಬೇಡ, ನನಗೆ ತಿಳಿಸು.

ಮಾರುವವನು ಅಂಚು ನೋಡಲು ಬಿಟ್ಟು, 'ಗ್ರೇಡಿಂಗ್‌ನಲ್ಲಿ ಕೊಯ್ದದ್ದು ಎಂದು ಬಂದರೆ ಪೂರ್ತಿ ಹಣ ವಾಪಸ್' ಎಂದು ಬರೆದುಕೊಟ್ಟರೆ ಕೊಂಡುಕೋ. ದುಡ್ಡು ಸಾಲದೆ ಬಂದರೆ ಉಳಿದದ್ದನ್ನು ನಾನು ಹಾಕುತ್ತೇನೆ. ಬರೆದುಕೊಡಲು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡು, ಆಚೆ ಬಂದ ಕೂಡಲೇ ಫೋನ್ ಮಾಡು.

ಇಂತಿ,
ನಿನ್ನ ಅಮ್ಮ