ತಾತನ ಸಾಲಿಗೆ ಕೊಡಲಿ ಹಾಕಿಸಬೇಡಿ

ತವೆಯುನಿ, ಫಿಜಿ
ಭಾನುವಾರ

ಅಮ್ಮನಿಗೆ ಶೈಲಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀನು, ಅಪ್ಪಾಜಿ, ಅಜ್ಜಿ, ಮಂಜ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಕಾಗದದ ಫೋಟೋ ಮಂಜ ಕಳಿಸಿದ. ತಾತನ ಕಾಲದ ತೆಂಗಿನ ಮರಗಳನ್ನ ಕಡಿಸಲು ಅಪ್ಪಾಜಿ ಅಡ್ವಾನ್ಸ್ ತಗೊಂಡಿದ್ದಾರೆ ಅಂತ ಓದಿದ ಮೇಲೆ ಊಟ ಸೇರಲಿಲ್ಲ. ಫೋನು ಮಾಡಿದರೆ ಅಪ್ಪಾಜಿ ಪಕ್ಕದಲ್ಲೇ ಕೂತಿರುತ್ತಾರೆ, ನೀನು ಹ್ಞೂಂ ಹ್ಞೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಮಂಜ ಇದನ್ನ ಹೊಸದುರ್ಗಕ್ಕೆ ಹೋದಾಗ ಪ್ರಿಂಟ್ ತೆಗೆಸಿ ಕೊಡಲಿ. ಫೋನಿನಲ್ಲಿ ನಿನಗೆ ಅಕ್ಷರ ಕಾಣುವುದಿಲ್ಲ.

ಊಟಕ್ಕೆ ನನಗೆ ಏನೂ ತೊಂದರೆ ಇಲ್ಲ. ನಮ್ಮ ದೇಶದವರೇ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. 1879ರಿಂದ ಬ್ರಿಟಿಷರು ಕಬ್ಬಿನ ತೋಟಗಳಿಗೆ ಅಂತ ಹಡಗಿನಲ್ಲಿ ತಂದವರ ಮೊಮ್ಮಕ್ಕಳು, ಮರಿಮಕ್ಕಳು. ಅಂಗಡಿಯಲ್ಲಿ ಬೇಳೆ, ಜೀರಿಗೆ, ಅರಿಶಿನ ಸಿಗುತ್ತದೆ. ರಾಗಿ ಮಾತ್ರ ಇಲ್ಲ. ಮರಗೆಣಸು ಬೇಯಿಸಿ ಕುಟ್ಟಿ ಮುದ್ದೆ ಕಟ್ಟಿ ನೋಡಿದೆ. ಆ ವಿಷಯ ಬಿಡು.

ನಾನು ಇಲ್ಲಿ ಕುಡಿಯುತ್ತೇನೆ ಅಂತ ಮಂಜ ಚಾಡಿ ಹೇಳಿದನಂತೆ. ಅದು ಹೆಂಡ ಅಲ್ಲಮ್ಮ. ಯಂಗೋನ ಅಂತ ಒಂದು ಗಿಡದ ಬೇರು. ಒಣಗಿಸಿ ಕುಟ್ಟಿ, ನೀರಿನಲ್ಲಿ ಕಲಸಿ ಹಿಂಡುತ್ತಾರೆ. ನಮ್ಮಲ್ಲಿ ಗೌಡರ ಮನೆಗೆ ಎಲೆ ಅಡಿಕೆ ಹಿಡಿದು ಹೋಗುವ ಹಾಗೆ, ಇಲ್ಲಿ ಯಾವ ಊರಿನ ತೆಂಗಿನ ಮರ ಎಣಿಸಬೇಕಾದರೂ ಮೊದಲು ಆ ಊರಿನ ಯಜಮಾನರ ಮುಂದೆ ಈ ಬೇರು ಇಡಬೇಕು. ಆಮೇಲೆ ಚಾಪೆ ಮೇಲೆ ಕೂತು, ಒಂದು ಸಲ ಚಪ್ಪಾಳೆ ತಟ್ಟಿ, ಕರಟದಲ್ಲಿ ಕೊಟ್ಟದ್ದನ್ನ ಒಂದೇ ಉಸಿರಿಗೆ ಕುಡಿಯಬೇಕು. ಕೆಸರು ನೀರಿನ ರುಚಿ. ನಾಲಿಗೆ ಜೋಮು ಹಿಡಿಯುತ್ತದೆ, ಅಷ್ಟೇ. ಬೇಡ ಅಂದರೆ ತೋಟದೊಳಗೆ ಕಾಲಿಡುವ ಹಾಗಿಲ್ಲ. ಅಜ್ಜಿಗೆ ಹೇಳುವುದು ಬೇಡ.

ಈಗ ತೋಟದ ವಿಷಯ.

ಹಳೇ ಮರಗಳನ್ನೆಲ್ಲ ಕಡಿಸುವುದು, ಅಡಿಕೆ ಹಾಕುವುದು, ಅಡಿಕೆಗೆ ಇನ್ನೊಂದು ಬೋರು, ಬೋರಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಇದು ಚನ್ನಗಿರಿ ಮಾವನ ಉಪದೇಶ ಅಂತ ನೀನು ಬರೆಯದಿದ್ದರೂ ಗೊತ್ತಾಗುತ್ತಿತ್ತು. ಭೀಮಸಮುದ್ರದ ಅಡಿಕೆ ರೇಟು ಹೇಳಿ ಹೇಳಿ ಅಪ್ಪಾಜಿ ತಲೆ ಕೆಡಿಸಿದ್ದಾರೆ. ಮಾವನ ತೋಟ ಭದ್ರಾ ನಾಲೆ ಕೆಳಗಿದೆ. ನಮಗೇನಿದೆ? ಭದ್ರಾ ಮೇಲ್ದಂಡೆ ನೀರು ಬರುತ್ತದೆ, ಬರುತ್ತದೆ ಅಂತ ನಾನು ಸ್ಕೂಲಿಗೆ ಹೋಗುವ ಕಾಲದಿಂದ ಕೇಳುತ್ತಿದ್ದೇನೆ. ಪಾಯಿಂಟ್ ನೋಡಲು ಬಂದವನ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತಂತೆ. ಹಿಂದಿನ ಬೋರುಗಳಿಗೂ ಎದ್ದು ನಿಂತಿತ್ತಲ್ಲಮ್ಮ? ಬಂದದ್ದು ಬರೀ ಬಿಳಿ ಧೂಳು.

ಬರಗಾಲ ಅಪ್ಪಾಜಿ ಇಷ್ಟು ಬೇಗ ಮರೆತರಾ? ಹೊಸದುರ್ಗ, ಹಿರಿಯೂರು ಕಡೆ ತೋಟಕ್ಕೆ ತೋಟವೇ ಸುಳಿ ಒಣಗಿ ನಿಂತಿತ್ತು. ಟ್ಯಾಂಕರ್ ನೀರು ಹೊಡೆಸಿದವರ ಮರಗಳೂ ಹೋದವು. ನಮ್ಮ ಕೆಳಗಿನ ತೋಟ ಹೋಯಿತು. ಬದುವಿನ ಮೇಲೆ ತಾತ ನೆಟ್ಟ ಸಾಲು ಮಾತ್ರ ಉಳಿಯಿತು. ಗರಿ ಜೋತು ಬಿದ್ದವು, ಹೀಚೆಲ್ಲ ಉದುರಿತು, ಆದರೆ ಸುಳಿ ಹಸಿರಾಗಿಯೇ ಇತ್ತು. 2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, 1933ರ ಮೇಲೆ ಅದೇ ಮೊದಲು, ಆ ವರ್ಷ ಅವು ಮತ್ತೆ ತುಂಬು ಹೊಂಬಾಳೆ ಬಿಟ್ಟವು. ಬದುವಿನ ತೇವಕ್ಕೆ ಉಳಿದವೋ, ಜಾತಿಯ ಗುಣವೋ, ನೋಡದೆ ನಾನು ಹೇಳಲಾರೆ. ಕಡಿದ ಮೇಲೆ ನೋಡುವುದು ಏನನ್ನ?

ನಾನು ಇಷ್ಟು ದೂರ ಬಂದು ಮಾಡುತ್ತಿರುವ ಕೆಲಸ ಇದೇ ಅಮ್ಮ. ರಾಗಿ, ಜೋಳದ ಬೀಜವಾದರೆ ಒಣಗಿಸಿ ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಇಡಬಹುದು. ತೆಂಗಿನ ಬೀಜ ಹಾಗೆ ಒಣಗಿಸಿದರೆ ಸಾಯುತ್ತದೆ. ಜಾತಿ ಉಳಿಯಬೇಕೆಂದರೆ ಮರವನ್ನೇ ನೆಟ್ಟು ಕಾಯಬೇಕು. ಹಾಗೆ ಕಾಯಲು ಪ್ರಪಂಚದವರೆಲ್ಲ ಸೇರಿ ಗೊತ್ತು ಮಾಡಿದ ದೊಡ್ಡ ತೋಟಗಳು ಐದು. ಒಂದು ನಮ್ಮ ಕಿದುವಿನಲ್ಲೇ ಇದೆ. ಕುಕ್ಕೆಗೆ ಹೋದಾಗ ನೆಟ್ಟಣದಲ್ಲಿ ರೈಲು ಇಳಿದೆವಲ್ಲ, ಅಲ್ಲೇ ಹತ್ತಿರ. ಉಳಿದವು ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್‌ನಲ್ಲಿ. ಪಪುವಾ ನ್ಯೂಗಿನಿಯ ತೋಟದ ಹತ್ತಿರಕ್ಕೆ ಬೋಗಿಯಾ ಅನ್ನುವ ಕಾಯಿಲೆ ಬಂತು. ಐವರಿ ಕೋಸ್ಟ್‌ನಲ್ಲಿ ಮರ ಹಳದಿಯಾಗಿ ಸಾಯುವ ರೋಗ. ಎರಡನ್ನೂ ವಾಸಿ ಮಾಡುವ ಔಷಧಿ ಇಲ್ಲ. ಎಲ್ಲ ಒಂದೇ ಕಡೆ ಇಟ್ಟರೆ ಒಂದೇ ಸಲ ಹೋಗುತ್ತದೆ. ಅದಕ್ಕೇ ಈ ದ್ವೀಪಗಳ ಓಡಾಟ.

ದ್ವೀಪಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಎತ್ತರದ ಮರಗಳಲ್ಲಿ ಗಂಡು ಹೂವು ಮೊದಲು ಅರಳಿ ಉದುರಿ, ಆಮೇಲೆ ಹೆಣ್ಣು ಹೂವು ತಯಾರಾಗುತ್ತದೆ. ಪರಾಗ ಹೆಚ್ಚಾಗಿ ಬೇರೆ ಮರದ್ದೇ. ಅಂದರೆ ಕಾಯಿಗೆ ತಾಯಿ ಗೊತ್ತು, ತಂದೆ ಯಾರೋ! ಇಂಥದೇ ತಂದೆ ಬೇಕು ಅಂದರೆ ಮರ ಹತ್ತಿ ಹೊಂಬಾಳೆ ಬಿಡಿಸಿ, ಗಂಡು ಹೂವನ್ನೆಲ್ಲ ಕತ್ತರಿಸಿ ತೆಗೆದು, ಬಟ್ಟೆ ಚೀಲ ಕಟ್ಟಬೇಕು. ಹೆಣ್ಣು ಹೂವಿನ ತುದಿ ಬಿರಿದು ಸಿಹಿ ರಸ ಒಸರುವ ದಿನಗಳಲ್ಲಿ ಮತ್ತೆ ಮತ್ತೆ ಹತ್ತಿ ಚೀಲದೊಳಗೆ ಪರಾಗದ ಪುಡಿ ಊದಬೇಕು. ಕಾಯಿ ಬಲಿಯಲು ಮತ್ತೆ ಹತ್ತಿರ ಹತ್ತಿರ ಒಂದು ವರ್ಷ. ಮರ ಹತ್ತುವವರ ಕೂಲಿ ಎಷ್ಟಾಯಿತು ಅಂತ ಅಪ್ಪಾಜಿಯೇ ಲೆಕ್ಕ ಹಾಕಲಿ. ಇದಕ್ಕೆ ಒಬ್ಬ ಫ್ರೆಂಚ್ ವಿಜ್ಞಾನಿ ಸುಲಭದ ದಾರಿ ಹೇಳಿದ್ದಾರೆ, ಪಾಲಿಮೋಟು ಅಂತ. ಬೇರೆ ತೆಂಗಿಲ್ಲದ ಪುಟ್ಟ ದ್ವೀಪ ಹುಡುಕಿ ಬೇಕಾದ ಜಾತಿಯನ್ನಷ್ಟೇ ನೆಡುವುದು. ಸುತ್ತ ಸಮುದ್ರವೇ ಬೇಲಿ, ಹೊರಗಿನ ಪರಾಗ ಬರುವುದಿಲ್ಲ. ಚೀಲವೂ ಬೇಡ, ಕೂಲಿಯೂ ಬೇಡ.

ಅಪ್ಪಾಜಿ ನೋಡಿದರೆ ಇಲ್ಲಿಯ ನಿಯು ಲೇಕಾ ಜಾತಿಗೆ ಮರುಳಾಗುತ್ತಾರೆ. ಗಿಡ್ಡ ಮರ, ದಪ್ಪ ಬೊಡ್ಡೆ, ಅಗಲದ ಒರಟು ಗರಿ. ಎಷ್ಟೋ ವರ್ಷ ನೆಲದ ಮೇಲೆ ನಿಂತೇ ಕಾಯಿ ಕೀಳಬಹುದು. ಸಮೋವಾ ದ್ವೀಪದಲ್ಲಿ ನಿಯು ಆಫಾ ಅಂತ ಇದೆ, ಕಾಯಿ ಮೊಣಕೈ ಉದ್ದ. ಅದರ ನಾರಿನಲ್ಲಿ ಹಗ್ಗ ಹೊಸೆದು, ಮೊಳೆ ಇಲ್ಲದೆ ಮನೆ, ದೋಣಿ ಕಟ್ಟುತ್ತಿದ್ದರು. ಆದರೆ ಕೊಬ್ಬರಿ ವಿಷಯದಲ್ಲಿ ಇವರು ನಮ್ಮ ಹತ್ತಿರ ಕಲಿಯಬೇಕು. ಕಾಯಿ ಒಡೆದು ಹೊಗೆಗೂಡಿನಲ್ಲಿ ಒಣಗಿಸಿ ಎಣ್ಣೆಗೆ ಹಾಕುತ್ತಾರೆ. ಕಾಯನ್ನ ಅಟ್ಟದ ಮೇಲೆ ವರ್ಷದ ಹತ್ತಿರ ಬಿಟ್ಟರೆ ಒಳಗೇ ಉಂಡೆ ಕೊಬ್ಬರಿ ಆಗುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ ಅಂದರೆ ನಂಬುವುದೇ ಇಲ್ಲ. ತಿಪಟೂರು ಮಾರ್ಕೆಟ್ಟಿನ ಫೋಟೋ ತೋರಿಸಿದೆ. ಸುಮ್ಮನಾದರು.

ಬರುವಾಗ ಬೀಜದ ಕಾಯಿ ತಗೊಂಡು ಬಾ ಅಂದಿದ್ದರಲ್ಲ, ಅದು ಆಗುವುದಿಲ್ಲ. ಕಾಯಿಯ ಜೊತೆ ಹುಳ, ರೋಗ ಎಲ್ಲ ಬರುತ್ತದೆ, ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ವಿಜ್ಞಾನಿಗಳೇ ದೇಶ ದಾಟಿಸುವಾಗ ಒಳಗಿನ ಪುಟ್ಟ ಮೊಳಕೆಯನ್ನಷ್ಟೇ ತೆಗೆದು ಗಾಜಿನ ಟ್ಯೂಬಿನಲ್ಲಿಟ್ಟು ಕಳಿಸುತ್ತಾರೆ.

ಮರ ಕೊಳ್ಳುವವನಿಗೆ ಅಡ್ವಾನ್ಸ್ ವಾಪಸ್ ಕೊಡಿಸು. ಅವನು ಜಗ್ಗದಿದ್ದರೆ ಕೆಳಗಿನ ತೋಟದ ಒಣಗಿದ ಬೊಡ್ಡೆಗಳನ್ನ ಒಯ್ಯಲಿ, ತಾತನ ಸಾಲಿಗೆ ಕೈ ಹಚ್ಚುವುದು ಬೇಡ. ಬರದಲ್ಲಿ ಸುಳಿ ಬಾಡದೆ ನಿಂತ ಮರ ಯಾವುವು ಅಂತ ನಿನಗೆ ಗೊತ್ತು. ಮಂಜನ ಕೈಲಿ ಅವಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿಸು. ಪೂರ್ತಿ ಬಲಿತ ಗೊನೆಯನ್ನ ಕೆಳಗೆ ಎಸೆಯದೆ ಹಗ್ಗ ಕಟ್ಟಿ ಇಳಿಸಲಿ. ಕಾಯನ್ನ ನೆರಳಿನಲ್ಲಿ ಮರಳ ಮೇಲೆ ಇಡಿ, ಮಳೆ ಶುರುವಾಗುವ ಹೊತ್ತಿಗೆ ಮಡಿ ಮಾಡೋಣ. ತಂದೆ ಯಾವನೇ ಇರಲಿ, ತಾಯಿಯ ಗುಣ ಅರ್ಧವಾದರೂ ಬರುತ್ತದಲ್ಲ.

ದುಡ್ಡಿನ ಯೋಚನೆ ಬೇಡ. ನನಗೆ ಇಲ್ಲಿ ಖರ್ಚೇ ಇಲ್ಲ. ರೂಮು ಅವರದು, ಊಟ ನನ್ನದು, ಗೆಣಸು ಮೀನು ಅಗ್ಗ. (ಮೀನು ನಾನು ತಿನ್ನುವುದಿಲ್ಲ.) ಸಂಬಳ ಜಾಸ್ತಿಯೇ ಇದೆ, ಸುಮ್ನೆ ಬಿದ್ದಿದೆ. ಸೊಸೈಟಿ ಸಾಲದ ಕಂತು ಈ ತಿಂಗಳಿಂದ ನಾನೇ ಕಟ್ಟುತ್ತೇನೆ, ಮಂಜನ ಅಕೌಂಟಿಗೆ ಹಾಕುತ್ತೇನೆ. ಹೊಸ ಕೈಸಾಲ ಮಾತ್ರ ಬೇಡವೇ ಬೇಡ. ಅಪ್ಪಾಜಿಗೆ ನಾನು ಹೇಳಿದೆ ಅಂತ ಹೇಳಬೇಡ, ಕಿದುವಿನವರು ಬಂದು ನೋಡುವ ತನಕ ತಡೆಯಿರಿ ಅನ್ನು. ಅಲ್ಲಿಗೆ ನಾನು ಬರೆದು ಕೇಳುತ್ತೇನೆ. ನನ್ನ ಆರೋಗ್ಯ ಚೆನ್ನಾಗಿದೆ, ಕೆಮ್ಮು ಪೂರ್ತಿ ಹೋಯಿತು, ಸೈಕ್ಲೋನಿನ ಸುದ್ದಿ ಟೀವಿಯಲ್ಲಿ ನೋಡಿ ಹೆದರಬೇಡ, ನಮ್ಮ ಕಟ್ಟಡ ಗಟ್ಟಿ ಇದೆ. ದಾವಣಗೆರೆ ಹುಡುಗನ ವಿಷಯ ಬಂದ ಮೇಲೆ ಮಾತಾಡೋಣ, ಇದರ ಜೊತೆ ಅದನ್ನ ಸೇರಿಸಬೇಡ.

ಜೀಪು ಹೊರಟಿತು, ನೆಟ್‌ವರ್ಕ್ ಸಿಗುವುದು ಆ ಕಡೆ ಗುಡ್ಡದ ಮೇಲೇ. ಅಡ್ವಾನ್ಸ್ ವಿಷಯ ನಾಳೆಯೇ ಮಾತಾಡು. ಅಜ್ಜಿಗೆ ನಮಸ್ಕಾರ. ಮಂಜನಿಗೆ ಎರಡೇಟು.

ಇಂತಿ ನಿನ್ನ
ಶೈಲಾ